ಮಾಟಗಾತಿ ವಿಚಾರಣೆಯ ಕಾಲದ ಮದ್ದು ಬಲ್ಲ ಹೆಂಗಸರು: ಐತಿಹಾಸಿಕ ಕಾದಂಬರಿಯ ಒಂದು ಧಾರೆ

ಯುರೋಪಿನಲ್ಲಿ 15ರಿಂದ 18ನೆಯ ಶತಮಾನದವರೆಗೂ, ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ 17ನೆಯ ಶತಮಾನದಲ್ಲೂ ಮಾಟದ ಆರೋಪ ಹೊತ್ತವರ ವಿಚಾರಣೆಗಳು ನಡೆದವು. ಆ ಕಾಲದ ಹಳ್ಳಿಯಲ್ಲಿ ಸೊಪ್ಪುಬೇರಿನ ಮದ್ದು ಕೊಡುತ್ತಿದ್ದ, ಹೆರಿಗೆ ಮಾಡಿಸುತ್ತಿದ್ದ, ಕಾಯಿಲೆ ಬಿದ್ದ ದನಕ್ಕೆ ಮಂತ್ರ ಹಾಕುತ್ತಿದ್ದ ಹೆಂಗಸನ್ನು ಕಥೆಯ ನಡುವೆ ನಿಲ್ಲಿಸಿದ ಕಾದಂಬರಿಗಳು ಇಂದು ಐತಿಹಾಸಿಕ ಕಾದಂಬರಿಯ ಪ್ರತ್ಯೇಕ ಧಾರೆಯಾಗಿ ಬೆಳೆದಿವೆ. ಇದರ ಬೇರು 19ನೆಯ ಶತಮಾನದಲ್ಲಿದೆ. 1970ರ ದಶಕದ ಮಹಿಳಾ ಚಳವಳಿಯಿಂದ ಇದಕ್ಕೆ ಹೊಸ ಕಸುವು ಬಂತು. 2000ದ ಈಚೆಗೆ ಇಂಗ್ಲಿಷಿನಲ್ಲಂತೂ ಕೃತಿಗಳ ಮೇಲೆ ಕೃತಿಗಳು ಬರುತ್ತಿವೆ. ಇವೆಲ್ಲಕ್ಕೂ ಅಡಿಪಾಯವಾಗಿರುವುದು ಒಂದೇ ಸಂಗತಿ: ಗುಣಪಡಿಸಬಲ್ಲವಳಿಗೆ ಕೆಡಿಸಲೂ ಬರುತ್ತದೆ ಎಂಬ ಊರಿನವರ ನಂಬಿಕೆ. ಒಂದು ಕೃತಿ ಈ ನಂಬಿಕೆಯನ್ನು ಎಷ್ಟು ಪ್ರಾಮಾಣಿಕವಾಗಿ ಎದುರಿಸುತ್ತದೆ ಎಂಬುದರ ಮೇಲೆಯೇ ಅದರ ಬೆಲೆ ನಿಂತಿದೆ.

ಚರಿತ್ರೆಯ ನೆಲೆ

ಇಂದಿನ ಇತಿಹಾಸಕಾರರ ಅಂದಾಜಿನಂತೆ ಯುರೋಪಿನಲ್ಲಿ ಮಾಟದ ಆರೋಪದ ಮೇಲೆ 40,000ದಿಂದ 60,000 ಜನ ಮರಣದಂಡನೆಗೆ ಗುರಿಯಾದರು. ಅವರಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ತುಸು ಹೆಚ್ಚು ಹೆಂಗಸರು. ಕೆಲವು ಜನಪ್ರಿಯ ಪುಸ್ತಕಗಳು ಹೇಳುವ 90 ಲಕ್ಷದ ಲೆಕ್ಕಕ್ಕೆ ಆಧಾರವಿಲ್ಲ. ಎಲ್ಲ ಕಡೆಯೂ ಹೆಂಗಸರೇ ಬಲಿಯಾದರು ಎಂದೂ ಹೇಳುವಂತಿಲ್ಲ. ಐಸ್‌ಲ್ಯಾಂಡಿನಲ್ಲಿ ಸತ್ತ 21 ಜನರಲ್ಲಿ ಹೆಂಗಸು ಒಬ್ಬಳೇ.

ಸೂಲಗಿತ್ತಿಯರ ಮೇಲಿನ ಸಿಟ್ಟಿಗೆ ಒಂದು ಲಿಖಿತ ಮೂಲವಿದೆ. ಹೈನ್ರಿಕ್ ಕ್ರಾಮರ್ ಎಂಬ ಡೊಮಿನಿಕನ್ ಸನ್ಯಾಸಿ 1486ರ ಹೊತ್ತಿಗೆ ಬರೆದ 'ಮಲ್ಲೆಯುಸ್ ಮಲೆಫಿಕಾರುಂ' ಎಂಬ ಲ್ಯಾಟಿನ್ ಗ್ರಂಥ, ಹುಟ್ಟಿದ ಶಿಶುಗಳನ್ನು ಸೈತಾನನಿಗೆ ಒಪ್ಪಿಸುವವರು ಇವರೇ ಎಂದು ಸೂಲಗಿತ್ತಿಯರನ್ನು ಬೇರೆಯಾಗಿ ಎತ್ತಿ ಹೇಳುತ್ತದೆ. 1587ರಲ್ಲಿ ಜರ್ಮನಿಯ ಡಿಲ್ಲಿಂಗನ್‌ನಲ್ಲಿ ವಾಲ್ಪುರ್ಗಾ ಹೌಸ್‌ಮಾನಿನ್ ಎಂಬ ಮುದಿ ಸೂಲಗಿತ್ತಿಯನ್ನು ಇಂಥದೇ ಆರೋಪ ಹೊರಿಸಿ ಕೊಂದರು. ಆದರೆ ಇಂಥ ಕೆಲವು ಪ್ರಕರಣಗಳಿಂದ ಮಾಟಗಾತಿ ಬೇಟೆಯೆಲ್ಲ ಸೂಲಗಿತ್ತಿಯರ ಬೇಟೆಯೇ ಆಗಿತ್ತೆಂದು ತೀರ್ಮಾನಿಸುವುದು ಸರಿಯಲ್ಲ. ಇಂಗ್ಲಿಷ್ ಇತಿಹಾಸಕಾರ ಡೇವಿಡ್ ಹಾರ್ಲಿ 1990ರ ಲೇಖನದಲ್ಲಿ ಇದನ್ನು ಬಿಡಿಸಿ ತೋರಿಸಿದರು. ದಾಖಲೆಗಳಲ್ಲಿ ಆರೋಪಿಯಾದ ಸೂಲಗಿತ್ತಿಯರು ಕಡಿಮೆ. ಇಂಗ್ಲೆಂಡಿನಲ್ಲಿ ಅವರು ನ್ಯಾಯಾಲಯದ ಕಡೆಯವರಾಗಿ ಆರೋಪಿಯ ಮೈಮೇಲೆ ಸೈತಾನನ ಗುರುತು ಹುಡುಕುತ್ತಿದ್ದುದೇ ಹೆಚ್ಚು. ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವಿ 1634ರಲ್ಲಿ ಲ್ಯಾಂಕಶೈರ್‌ನ ಆರೋಪಿ ಹೆಂಗಸರನ್ನು ಪರೀಕ್ಷೆ ಮಾಡಿಸಿದಾಗಲೂ ಆ ಕೆಲಸಕ್ಕೆ ಸೂಲಗಿತ್ತಿಯರೇ ಬಂದಿದ್ದರು.

ಮದ್ದು ಮಂತ್ರ ಎರಡನ್ನೂ ಬಲ್ಲ ಹೆಂಗಸಿನ ಮಾತು ಬೇರೆ. ಸ್ಕಾಟ್ಲೆಂಡಿನ 1563ರ ಕಾಯ್ದೆ ಮಾಟ ಮಾಡಿದವರಿಗಷ್ಟೇ ಅಲ್ಲ, ಅವರ ಸಹಾಯ ಕೇಳಿ ಹೋದವರಿಗೂ ಮರಣದಂಡನೆ ವಿಧಿಸಿತ್ತು. ಅಲ್ಲಿನ ಅಗ್ನೆಸ್ ಸ್ಯಾಂಪ್ಸನ್ ಎಂಬ ಹೆಂಗಸು ಹೆರಿಗೆ ಮಾಡಿಸುತ್ತ, ಪ್ರಾರ್ಥನೆ ಹೇಳಿ ರೋಗ ವಾಸಿ ಮಾಡುತ್ತ ಹೆಸರಾಗಿದ್ದವಳು. ಆರನೆಯ ಜೇಮ್ಸ್ ದೊರೆಯ ಹಡಗಿನ ಮೇಲೆ ಬಿರುಗಾಳಿ ಎಬ್ಬಿಸಿದಳೆಂದು ಹಿಡಿದು, ಚಿತ್ರಹಿಂಸೆ ಕೊಟ್ಟು, 1591ರ ಜನವರಿಯಲ್ಲಿ ಕೊಂದರು. ಆಕೆಯ ಮೇಲಿನ ಐವತ್ತರಷ್ಟು ಆರೋಪಗಳಲ್ಲಿ ಬಿರುಗಾಳಿಗಿಂತ ಹೆಚ್ಚು ಜಾಗ ಹಿಡಿದಿರುವುದು ಆಕೆ ಯಾರ ಯಾರ ಕಾಯಿಲೆ ಬಿಡಿಸಿದಳೆಂಬ ಪಟ್ಟಿ. ಇನ್ನೊಂದು ಮುಖವನ್ನೂ ಮರೆಯಬಾರದು. ಮಾಟ ಯಾರು ಮಾಡಿದ್ದಾರೆ ಎಂದು ತಿಳಿಯಲು ಊರವರು ಹೋಗುತ್ತಿದ್ದುದು ಇಂಥವರ ಬಳಿಗೇ. ಮದ್ದು ಕೊಡುವವಳು ಕೆಲವೊಮ್ಮೆ ನೆರೆಯವಳತ್ತ ಬೆರಳು ತೋರಿಸಿದವಳೂ ಆಗಿದ್ದಳು.

ಸ್ಕಾಟ್, ಮಿಶ್ಲೆ ಮತ್ತು ಒಂದು ಕಿರುಹೊತ್ತಗೆ

ವಾಲ್ಟರ್ ಸ್ಕಾಟ್ 1819ರ ಕೊನೆಯಲ್ಲಿ ಹೊರತಂದ 'ಐವನ್‌ಹೋ' ಈ ಧಾರೆಯ ಮೊದಲ ದೊಡ್ಡ ಕೃತಿ. ಅದರ ರೆಬೆಕಾ ಯಹೂದಿ ವ್ಯಾಪಾರಿ ಐಸಾಕನ ಮಗಳು. ಆಕೆಗೆ ವೈದ್ಯ ಕಲಿಸಿದ ಮಿರಿಯಂ ಎಂಬಾಕೆಯೂ ಮಾಟಗಾತಿಯೆಂಬ ಹಣೆಪಟ್ಟಿ ಹೊತ್ತು ಪ್ರಾಣ ಕಳೆದುಕೊಂಡವಳು. ಗಾಯಗೊಂಡ ಐವನ್‌ಹೋನನ್ನು ಉಳಿಸಿದ ರೆಬೆಕಾಳನ್ನು ಟೆಂಪ್ಲರ್ ಯೋಧಸಂಘದ ಮುಖ್ಯಸ್ಥ ವಿಚಾರಣೆಗೆ ನಿಲ್ಲಿಸುತ್ತಾನೆ. ಆಗ ಹಿಗ್ ಎಂಬ ಬಡ ರೈತ ಊರುಗೋಲು ಊರಿಕೊಂಡು ಸಾಕ್ಷಿಗೆ ಬರುತ್ತಾನೆ. ಹಾಸಿಗೆ ಹಿಡಿದಿದ್ದ ತನಗೆ ರೆಬೆಕಾ ಕೊಟ್ಟ ಮುಲಾಮಿನಿಂದ ಓಡಾಡುವಷ್ಟು ಬಲ ಬಂತೆಂದು ಮನಸ್ಸಿಲ್ಲದ ಮನಸ್ಸಿನಿಂದ ಹೇಳುತ್ತಾನೆ. ಉಪಕಾರ ಸ್ಮರಣೆಯ ಆ ಮಾತೇ ಆರೋಪಕ್ಕೆ ಪುರಾವೆಯಾಗುತ್ತದೆ. ಮುಲಾಮನ್ನು ಪರೀಕ್ಷಿಸಲು ಒಬ್ಬ ಸನ್ಯಾಸಿ, ಒಬ್ಬ ಕ್ಷೌರಿಕ ಬರುತ್ತಾರೆ; ಅದರಲ್ಲಿ ಏನಿದೆಯೆಂದು ಅವರಿಗೆ ತಿಳಿಯುವುದಿಲ್ಲ, ಆದ್ದರಿಂದ ಅದು ಅಪಾಯದ ವಸ್ತುವೆಂದಾಗುತ್ತದೆ. 1194ರ ಇಂಗ್ಲೆಂಡಿನಲ್ಲಿ ಇಂಥ ವಿಚಾರಣೆಗಳು ನಡೆಯುತ್ತಿರಲಿಲ್ಲ. ಸ್ಕಾಟ್ ಮುಂದಿನ ಶತಮಾನಗಳ ಭಯವನ್ನು ಹಿಂದಕ್ಕೆ ತಂದು ಕೂರಿಸಿದ. ಕಾಲದ ತಪ್ಪಿದ್ದರೂ ಈ ನ್ಯಾಯಾಲಯದ ದೃಶ್ಯವನ್ನು ಮೀರಿಸುವಂಥದು ನಂತರದ ಇನ್ನೂರು ವರ್ಷಗಳಲ್ಲಿ ಅಪರೂಪ.

ಮಾಟಗಾತಿಯೆಂದರೆ ಬಡವರ ವೈದ್ಯೆ ಎಂಬ ಚಿತ್ರವನ್ನು ಜನಮನದಲ್ಲಿ ಊರಿದವನು ಫ್ರೆಂಚ್ ಇತಿಹಾಸಕಾರ ಜೂಲ್ ಮಿಶ್ಲೆ. 1862ರ 'ಲಾ ಸೊರ್ಸಿಯೇರ್' ಇತಿಹಾಸವೆಂದು ಬರೆದ ಪುಸ್ತಕ; ಅದರ ನಡೆ ಕಾದಂಬರಿಯದು. ಸಾವಿರ ವರ್ಷ ಜನಸಾಮಾನ್ಯರಿಗಿದ್ದ ವೈದ್ಯರೆಂದರೆ ಇವಳೊಬ್ಬಳೇ ಎಂದು ಮಿಶ್ಲೆ ವಾದಿಸಿದ. 1973ರಲ್ಲಿ ಅಮೆರಿಕದ ಬಾರ್ಬರಾ ಎರೆನ್‌ರೈಕ್ ಮತ್ತು ಡೀರ್ಡ್ರಿ ಇಂಗ್ಲಿಷ್ ಬರೆದ 'ವಿಚಸ್, ಮಿಡ್‌ವೈವ್ಸ್ ಅಂಡ್ ನರ್ಸಸ್' ಎಂಬ ಕಿರುಹೊತ್ತಗೆ ಅದೇ ವಾದವನ್ನು ಚಳವಳಿಯ ಭಾಷೆಗೆ ತಂದಿತು: ಗಂಡಸರ ವೈದ್ಯವೃತ್ತಿ ಬಲಗೊಳ್ಳಲು ಹೆಂಗಸರ ವೈದ್ಯವನ್ನು ತುಳಿಯಲಾಯಿತು. ದಾಖಲೆಗಳ ಮುಂದೆ ಈ ವಾದದ ಬಹುಭಾಗ ನಿಲ್ಲಲಿಲ್ಲ. ಆದರೂ ಕಾದಂಬರಿಕಾರರ ಪಾಲಿಗೆ ಇದು ಬತ್ತದ ಸೆಲೆಯಾಯಿತು. ಮುಂದೆ ಬಂದ ಅರ್ಧಕ್ಕರ್ಧ ಕೃತಿಗಳ ನಾಯಕಿ ದಾಖಲೆಗಳಿಂದ ಎದ್ದು ಬಂದವಳಲ್ಲ, ಮಿಶ್ಲೆಯ ಪುಟಗಳಿಂದ ಬಂದವಳು.

ಪೆಂಡಲ್ 1612

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿರುವ ಪೆಂಡಲ್ ಬೆಟ್ಟದ ಸುತ್ತಲಿನ ಪ್ರಕರಣದಷ್ಟು ಕಾದಂಬರಿಗಳನ್ನು ಹುಟ್ಟಿಸಿದ ಇಂಗ್ಲಿಷ್ ವಿಚಾರಣೆ ಇನ್ನೊಂದಿಲ್ಲ. 1612ರ ಮಾರ್ಚ್ 18ರಂದು ಅಲಿಜನ್ ಡಿವೈಸ್ ಎಂಬ ಹುಡುಗಿ ದಾರಿಯಲ್ಲಿ ಸಿಕ್ಕ ಜಾನ್ ಲಾ ಎಂಬ ತಿರುಗು ವ್ಯಾಪಾರಿಯಿಂದ ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಕುಸಿದು ಬಿದ್ದ. ಇಂದಿನವರು ಅದನ್ನು ಲಕ್ವ ಎನ್ನುತ್ತಾರೆ. ಹುಡುಗಿಗೇ ತನ್ನ ಶಾಪ ತಟ್ಟಿತೆಂದು ಅನ್ನಿಸಿತು, ಕ್ಷಮೆ ಕೇಳಿದಳು. ಅಲ್ಲಿಂದ ಶುರುವಾದ ತನಿಖೆಯಲ್ಲಿ ಅವಳ ಅಜ್ಜಿ, ಡೆಮ್‌ಡೈಕ್ ಎಂದು ಕರೆಸಿಕೊಳ್ಳುತ್ತಿದ್ದ ಕುರುಡಿ ಎಲಿಜಬೆತ್ ಸದರ್ನ್ಸ್ ಸಿಕ್ಕಿಬಿದ್ದಳು. ಒಂಬತ್ತರ ಆಸುಪಾಸಿನ ಜೆನೆಟ್ ತನ್ನ ತಾಯಿ, ಅಣ್ಣ, ಅಕ್ಕನ ವಿರುದ್ಧವೇ ಸಾಕ್ಷಿ ನುಡಿದಳು. ಆಗಸ್ಟ್ 20ರಂದು ಲ್ಯಾಂಕಾಸ್ಟರ್‌ನಲ್ಲಿ ಹತ್ತು ಜನರನ್ನು ಗಲ್ಲಿಗೇರಿಸಿದರು. ಡೆಮ್‌ಡೈಕ್ ವಿಚಾರಣೆಗೆ ಮೊದಲೇ ಸೆರೆಮನೆಯಲ್ಲಿ ಸತ್ತಿದ್ದಳು. ಗುಮಾಸ್ತ ಥಾಮಸ್ ಪಾಟ್ಸ್ 1613ರಲ್ಲಿ ಈ ವಿಚಾರಣೆಯ ವರದಿಯನ್ನು ಅಚ್ಚು ಹಾಕಿಸಿದ. ಎಲ್ಲ ಕಾದಂಬರಿಗಳಿಗೂ ಆಕರ ಅದೇ.

ಪಾಟ್ಸನ ವರದಿಯಲ್ಲಿ ಅಲಿಜನ್ ಹೇಳಿದ ಒಂದು ಸಣ್ಣ ಪ್ರಸಂಗವಿದೆ. ಜಾನ್ ನಟರ್ ಎಂಬ ರೈತನ ಹಸುವಿಗೆ ಕಾಯಿಲೆಯಾಗಿ, ಅವನೇ ಡೆಮ್‌ಡೈಕ್‌ಗೆ ಹೇಳಿಕಳಿಸಿದ್ದ. ರಾತ್ರಿಯ ಹೊತ್ತು ಮೊಮ್ಮಗಳು ಅಜ್ಜಿಯ ಕೈ ಹಿಡಿದು ಹೊರಗೆ ಕರೆದೊಯ್ದಳು. ಮುದುಕಿ ಅರ್ಧ ಗಂಟೆ ಹೊರಗಿದ್ದಳು. ಆಮೇಲೆ ನೋಡಿದರೆ ಹಸು ಸತ್ತಿತ್ತು. ಗುಣಪಡಿಸಲು ಕರೆಸಿದ ಅಜ್ಜಿಯೇ ಹಸುವನ್ನು ಕೊಂದಳೆಂದು ಮೊಮ್ಮಗಳೇ ಹೇಳುತ್ತಾಳೆ. ಈ ಧಾರೆಯ ಇಡೀ ವಸ್ತು ಈ ನಾಲ್ಕು ಸಾಲಿನಲ್ಲಿದೆ.

ವಿಲಿಯಂ ಹ್ಯಾರಿಸನ್ ಐನ್ಸ್‌ವರ್ತ್‌ನ 'ದಿ ಲ್ಯಾಂಕಶೈರ್ ವಿಚಸ್' 1849ರಲ್ಲಿ ಪುಸ್ತಕವಾಗಿ ಬಂದಾಗ ಡೆಮ್‌ಡೈಕ್ ನಿಜವಾದ ಮಾಟಗಾತಿಯೇ ಆಗಿದ್ದಳು. ಆಗಿನ ಓದುಗರಿಗೆ ಬೇಕಿದ್ದದ್ದು ಮೈ ನಡುಗಿಸುವ ಕಥೆ. ರಾಬರ್ಟ್ ನೀಲ್‌ನ 'ಮಿಸ್ಟ್ ಓವರ್ ಪೆಂಡಲ್' (1951), ಜೆನೆಟ್ ವಿಂಟರ್‌ಸನ್‌ರ 'ದಿ ಡೇಲೈಟ್ ಗೇಟ್' (2012) ಬೇರೆ ಬೇರೆ ದಿಕ್ಕಿಗೆ ಹೋದವು. ಮದ್ದು ಬಲ್ಲವಳ ಕಡೆಯಿಂದ ಈ ಕಥೆಯನ್ನು ಹೇಳಿದ್ದು ಮೇರಿ ಶಾರಟ್ ಅವರ 'ಡಾಟರ್ಸ್ ಆಫ್ ದಿ ವಿಚಿಂಗ್ ಹಿಲ್' (2010). ಮೊದಲ ಭಾಗವನ್ನು ಅಜ್ಜಿಯೂ ಎರಡನೆಯದನ್ನು ಮೊಮ್ಮಗಳೂ ಹೇಳುತ್ತಾರೆ. ಅಜ್ಜಿಯ ಮಂತ್ರಗಳು ಕಥೆಯಲ್ಲಿ ಸೈತಾನನ ಭಾಷೆಯಲ್ಲ. ಇಂಗ್ಲೆಂಡ್ ಪ್ರಾಟೆಸ್ಟೆಂಟ್ ಆದ ಮೇಲೆ ನಿಷೇಧಕ್ಕೆ ಒಳಗಾದ ಹಳೆಯ ಕ್ಯಾಥೊಲಿಕ್ ಪ್ರಾರ್ಥನೆಗಳ ಚೂರುಗಳು. ಇದು ಲೇಖಕಿಯ ಕಲ್ಪನೆಯಲ್ಲ, ಪಾಟ್ಸ್ ದಾಖಲಿಸಿದ ಮಂತ್ರಗಳಲ್ಲೇ ಅದರ ಗುರುತುಗಳಿವೆ. ಆಕೆ ತನ್ನ ಶಕ್ತಿಯನ್ನು ತಾನೇ ನಂಬುತ್ತಾಳೆ, ಅದರಿಂದ ಹೊಟ್ಟೆ ಹೊರೆಯುತ್ತಾಳೆ, ಸಿಟ್ಟು ಬಂದಾಗ ಅದನ್ನು ಬಳಸಲೂ ಹೆದರುವುದಿಲ್ಲ. ನಾಯಕಿಯನ್ನು ತೊಳೆದ ಮುತ್ತಾಗಿಸದೆ ಉಳಿಸಿಕೊಂಡದ್ದೇ ಶಾರಟ್‌ರ ಗೆಲುವು.

ಸ್ಟೇಸಿ ಹಾಲ್ಸ್ ಅವರ 'ದಿ ಫೆಮಿಲಿಯರ್ಸ್' (2019) ಹೆಚ್ಚು ಮಾರಾಟವಾದ ಕೃತಿ. ಗಾತೋರ್ಪ್ ಬಂಗಲೆಯ 17 ವರ್ಷದ ಒಡತಿ ಫ್ಲೀಟ್‌ವುಡ್ ಶಟಲ್‌ವರ್ತ್‌ಗೆ ಹಿಂದಿನ ಬಸಿರುಗಳು ಕೈಗೂಡಿಲ್ಲ. ಈ ಬಾರಿ ಬದುಕುವುದಿಲ್ಲವೆಂಬ ವೈದ್ಯನ ಕಾಗದ ಕಣ್ಣಿಗೆ ಬೀಳುತ್ತದೆ. ಆಕೆ ಆಲಿಸ್ ಗ್ರೇ ಎಂಬ ಸೂಲಗಿತ್ತಿಯನ್ನು ನೆಚ್ಚುತ್ತಾಳೆ, ಆಲಿಸ್ ಮಾಟಗಾತಿಯರ ಪಟ್ಟಿಗೆ ಸೇರುತ್ತಾಳೆ. ಇಬ್ಬರೂ ಚರಿತ್ರೆಯಲ್ಲಿದ್ದವರು, ಆಲಿಸ್ ಗ್ರೇ 1612ರಲ್ಲಿ ಖುಲಾಸೆಯಾದ ಕೆಲವರಲ್ಲಿ ಒಬ್ಬಳು. ಅವಳು ಸೂಲಗಿತ್ತಿ, ಒಡತಿಯ ಗೆಳತಿ ಎಂಬುದು ಮಾತ್ರ ಕಾದಂಬರಿಯ ಸೃಷ್ಟಿ. ಕಥೆ ಬಿಗಿಯಾಗಿದೆ. ಆದರೆ ಸಿರಿವಂತ ಹೆಣ್ಣಿನ ಧೈರ್ಯದ ಮುಂದೆ ಬಡ ಸೂಲಗಿತ್ತಿ ಹಿಂದಕ್ಕೆ ಸರಿಯುತ್ತಾಳೆ.

ಸೇಲಂ ಮತ್ತು ಟಿಟುಬಾ

1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು; ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು; ಕನಿಷ್ಠ ಐವರು ಸೆರೆಯಲ್ಲೇ ಸತ್ತರು. ಮೊದಲು ಹಿಡಿದ ಮೂವರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯ ಗುಲಾಮಳು ಟಿಟುಬಾ ಒಬ್ಬಳು. ಪಾದ್ರಿಯ ಮನೆಯ ಹುಡುಗಿಯರ ವಿಚಿತ್ರ ಕಾಯಿಲೆಗೆ ಮದ್ದು ಸೂಚಿಸಿದ್ದು ಚರ್ಚಿನ ಸದಸ್ಯೆಯಾದ ಮೇರಿ ಸಿಬ್ಲಿ ಎಂಬ ನೆರೆಮನೆಯಾಕೆ: ರೈ ಹಿಟ್ಟಿಗೆ ಹುಡುಗಿಯರ ಮೂತ್ರ ಬೆರೆಸಿ ರೊಟ್ಟಿ ಸುಟ್ಟು ನಾಯಿಗೆ ಹಾಕುವುದು. ಇದು ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿ. ಸಿಬ್ಲಿ ಚರ್ಚಿನಲ್ಲಿ ತಪ್ಪೊಪ್ಪಿಕೊಂಡು ಪಾರಾದಳು. ಆ ರೊಟ್ಟಿ ಮಾಡುವುದರಲ್ಲಿ ಕೈಯಿದ್ದ ಟಿಟುಬಾ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದಳು, ಜೈಲಿನ ಖರ್ಚು ಕಟ್ಟಿ ಬಿಡಿಸಿಕೊಳ್ಳುವವರಿರಲಿಲ್ಲ. ಒಂದೇ ಮನೆಮದ್ದಿಗೆ ಇಬ್ಬರಿಗೆ ಎರಡು ಬೆಲೆ.

ಆರ್ಥರ್ ಮಿಲ್ಲರ್‌ನ 'ದಿ ಕ್ರೂಸಿಬಲ್' (1953) ನಾಟಕದಲ್ಲಿ ಟಿಟುಬಾ ಅಂಚಿನ ಪಾತ್ರ. ಆನ್ ಪೆಟ್ರಿ 1964ರಲ್ಲಿ ಎಳೆಯರಿಗಾಗಿ ಆಕೆಯನ್ನು ನಡುವೆ ತಂದರು. ಗ್ವಾಡಲೂಪ್ ದ್ವೀಪದ ಮರೀಸ್ ಕೊಂಡೆ 1986ರಲ್ಲಿ ಫ್ರೆಂಚಿನಲ್ಲಿ ಬರೆದ 'ಮ್ವಾ, ಟಿಟುಬಾ ಸೊರ್ಸಿಯೇರ್' ಈ ಧಾರೆಯ ಶ್ರೇಷ್ಠ ಕೃತಿಯೆಂದು ಹೇಳಲು ಅಡ್ಡಿಯಿಲ್ಲ. ದಾಖಲೆಗಳು ಟಿಟುಬಾಳನ್ನು ಇಂಡಿಯನ್ (ಅಮೆರಿಕದ ಮೂಲನಿವಾಸಿ) ಎಂದು ಕರೆಯುತ್ತವೆ, ಜೈಲಿನಿಂದ ಹೊರಬಂದ ಮೇಲೆ ಆಕೆಯ ಸುದ್ದಿಯನ್ನೇ ಎತ್ತುವುದಿಲ್ಲ. ಕೊಂಡೆ ಆಕೆಗೆ ಬಾರ್ಬಡೋಸ್‌ನಲ್ಲಿ ಬಾಲ್ಯ ಕೊಟ್ಟರು, ಹಡಗಿನಲ್ಲಿ ಇಂಗ್ಲಿಷ್ ನಾವಿಕನ ಅತ್ಯಾಚಾರಕ್ಕೆ ಒಳಗಾದ ಅಬೆನಾ ಎಂಬ ಆಫ್ರಿಕನ್ ತಾಯಿಯನ್ನು ಕೊಟ್ಟರು, ಗಿಡಗಳನ್ನೂ ಸತ್ತವರೊಡನೆ ಮಾತನ್ನೂ ಕಲಿಸುವ ಮಾಮಾ ಯಾಯಾ ಎಂಬ ಗುರುವನ್ನು ಕೊಟ್ಟರು. ಈ ಟಿಟುಬಾ ಒಡತಿಯನ್ನೂ ಅವಳ ಮಗಳನ್ನೂ ಗುಣಪಡಿಸುತ್ತಾಳೆ. ಅವರೇ ಅವಳನ್ನು ಬಿಟ್ಟುಕೊಡುತ್ತಾರೆ. ಗುಲಾಮಗಿರಿಯ ಲೆಕ್ಕವನ್ನು ಬಿಟ್ಟು ಮಾಟದ ಲೆಕ್ಕ ಹೇಳಲಾಗದೆಂದು ತೋರಿಸಿದ್ದು ಈ ಕೃತಿ. ಜೈಲಿನಲ್ಲಿ ಕಾದಂಬರಿಕಾರ ಹಾಥಾರ್ನ್‌ನ ನಾಯಕಿ ಹೆಸ್ಟರ್‌ಳನ್ನು ತಂದು ಕೂರಿಸುವಷ್ಟು ಸ್ವಾತಂತ್ರ್ಯ ವಹಿಸಿದರೂ, ಮೌನವಾಗಿರುವ ದಾಖಲೆಯ ಎದುರು ಅದು ನ್ಯಾಯವಾಗಿಯೇ ಕಾಣುತ್ತದೆ.

ಕೆಪ್ಲರನ ತಾಯಿ

ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೋಹಾನೆಸ್ ಕೆಪ್ಲರನ ತಾಯಿ ಕಟರೀನಾ ಜರ್ಮನಿಯ ಲಿಯೋನ್‌ಬರ್ಗ್ ಎಂಬ ಪಟ್ಟಣದ ವಿಧವೆ. ಸೊಪ್ಪಿನ ಕಷಾಯ ಮಾಡಿ ನೆರೆಹೊರೆಗೆ ಕೊಡುತ್ತಿದ್ದಳು. ಅವಳು ಕೊಟ್ಟ ಕಹಿ ಪಾನೀಯದಿಂದಲೇ ತನ್ನ ಆರೋಗ್ಯ ಕೆಟ್ಟಿತೆಂದು 1615ರಲ್ಲಿ ಉರ್ಸುಲಾ ರೈನ್‌ಬೋಲ್ಡ್ ಎಂಬಾಕೆ ದೂರಿದಳು. ಪ್ರಕರಣ ಆರು ವರ್ಷ ಎಳೆಯಿತು. 1620ರಲ್ಲಿ, ಎಪ್ಪತ್ತು ದಾಟಿದ ಮುದುಕಿಯನ್ನು ಹಿಡಿದು ಸರಪಳಿ ಹಾಕಿದರು. ಮಗ ತನ್ನ ಕೆಲಸ ಬಿಟ್ಟು ಬಂದು ಪ್ರತಿವಾದ ಬರೆದ. ಚಿತ್ರಹಿಂಸೆಯ ಉಪಕರಣಗಳನ್ನು ಮುಂದಿಟ್ಟರೂ ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. 1621ರ ಅಕ್ಟೋಬರಿನಲ್ಲಿ ಬಿಡುಗಡೆಯಾದಳು, ಮುಂದಿನ ಏಪ್ರಿಲಿನಲ್ಲಿ ತೀರಿಕೊಂಡಳು.

ಉಲಿಂಕಾ ರುಬ್ಲಾಕ್ 2015ರಲ್ಲಿ ಇದರ ಇತಿಹಾಸ ಬರೆದರು. 2021ರಲ್ಲಿ ರಿವ್ಕಾ ಗಾಲ್ಚೆನ್ 'ಎವ್ರಿಒನ್ ನೋಸ್ ಯುವರ್ ಮದರ್ ಈಸ್ ಎ ವಿಚ್' ಎಂಬ ಕಾದಂಬರಿ ಬರೆದರು. ಕಟರೀನಾ ಹೇಳುತ್ತಾಳೆ, ನೆರೆಮನೆಯ ಸೈಮನ್ ಬರೆದುಕೊಳ್ಳುತ್ತಾನೆ; ನಡುನಡುವೆ ಸಾಕ್ಷಿಗಳ ಹೇಳಿಕೆಗಳು ಬರುತ್ತವೆ. ಒಬ್ಬೊಬ್ಬರೂ ಹತ್ತಾರು ವರ್ಷ ಹಿಂದಿನ ಕಾಲುನೋವನ್ನೋ ಸತ್ತ ಕರುವನ್ನೋ ಈಗ ನೆನೆದು ಮುದುಕಿಯ ತಲೆಗೆ ಕಟ್ಟುತ್ತಾರೆ. ಕ್ರೂರಿ ಪಾದ್ರಿಯಿಲ್ಲ, ಹುಚ್ಚೆದ್ದ ಗುಂಪಿಲ್ಲ. ಊರಿನ ಮಾಮೂಲಿ ಜನ, ಸಾಲದ ಜಗಳ, ಹಳೆಯ ಮುನಿಸು ಸೇರಿ ಒಬ್ಬಳನ್ನು ಹೇಗೆ ಮುಗಿಸಬಲ್ಲವೆಂದು ಇಷ್ಟು ನಿಚ್ಚಳವಾಗಿ ಹೇಳಿದ ಕೃತಿ ಬೇರೆಯಿಲ್ಲ.

ಉಳಿದ ನೆಲಗಳು

ಜೆರಾಲ್ಡಿನ್ ಬ್ರೂಕ್ಸ್ ಅವರ 'ಇಯರ್ ಆಫ್ ವಂಡರ್ಸ್' (2001) ಇಂಗ್ಲೆಂಡಿನ ಡರ್ಬಿಶೈರ್‌ನ ಈಯಮ್ ಹಳ್ಳಿಯದು. 1665-66ರಲ್ಲಿ ಪ್ಲೇಗ್ ಹೊರಗೆ ಹರಡದಂತೆ ಆ ಊರು ತನ್ನ ಗಡಿಯನ್ನು ತಾನೇ ಮುಚ್ಚಿಕೊಂಡಿತು. ರೂಢಿಯ ಲೆಕ್ಕದಂತೆ 260 ಜನ ಸತ್ತರು. ಕಾದಂಬರಿಯಲ್ಲಿ ಮೆಮ್ ಮತ್ತು ಆನಿಸ್ ಗೌಡಿ ಎಂಬ ವೈದ್ಯೆಯರನ್ನು ಹೆದರಿದ ಜನ ಕೊಂದುಹಾಕುತ್ತಾರೆ. ಆಮೇಲೆ ಊರಿಗೆ ಮದ್ದು ಕೊಡುವವರೇ ಇಲ್ಲ. ನಿರೂಪಕಿ ಆನಾ ಆ ಸತ್ತವರ ತೋಟದಲ್ಲಿ ನಿಂತು ಗಿಡಗಳ ಗುಣವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಈಯಮ್‌ನ ಚರಿತ್ರೆಯಲ್ಲಿ ಇಂಥ ಕೊಲೆಯಿಲ್ಲ. ಗೌಡಿ ಎಂಬ ಹೆಸರು 1662ರ ಸ್ಕಾಟ್ಲೆಂಡಿನ ಇಸೊಬೆಲ್ ಗೌಡಿಯನ್ನು ನೆನಪಿಸುತ್ತದೆ.

ಸ್ಕಾಟ್ಲೆಂಡಿನ ಬಗ್ಗೆ ಸೂಸನ್ ಫ್ಲೆಚರ್‌ರ 'ಕೊರಾಗ್' (2010), ಅಗ್ನೆಸ್ ಸ್ಯಾಂಪ್ಸನ್ ಪ್ರಕರಣದಲ್ಲೇ ಸಿಕ್ಕಿಬಿದ್ದ ಆಳುಹುಡುಗಿ ಗೀಲಿಸ್ ಡಂಕನ್ ಕುರಿತ ಜೆನಿ ಫೇಗನ್‌ರ 'ಹೆಕ್ಸ್' (2022) ಬಂದಿವೆ. ಗೀಲಿಸ್ ರಾತ್ರಿ ಹೊತ್ತು ಹೊರಗೆ ಹೋಗಿ ರೋಗಿಗಳನ್ನು ಗುಣಪಡಿಸುತ್ತಾಳೆಂಬುದೇ ಅವಳ ಯಜಮಾನನಿಗೆ ಹುಟ್ಟಿದ ಮೊದಲ ಅನುಮಾನ. ಡಯಾನಾ ಗ್ಯಾಬಲ್ಡನ್‌ರ ಬಹುಜನಪ್ರಿಯ 'ಔಟ್‌ಲ್ಯಾಂಡರ್' (1991) ಗೀಲಿಸ್‌ಳ ಹೆಸರನ್ನು ಒಂದು ಪಾತ್ರಕ್ಕೆ ಎರವಲು ಪಡೆದು, ಎರಡನೆಯ ಮಹಾಯುದ್ಧದ ನರ್ಸ್ ಕ್ಲೇರ್‌ಳನ್ನು 1743ಕ್ಕೆ ಕಳಿಸಿ ಮಾಟಗಾತಿಯೆಂದು ವಿಚಾರಣೆಗೆ ಒಡ್ಡುತ್ತದೆ. ಆದರೆ ಮಾಟದ ಕಾಯ್ದೆ 1736ರಲ್ಲೇ ರದ್ದಾಗಿತ್ತು.

ಹಾನಾ ಕೆಂಟ್‌ರ 'ದಿ ಗುಡ್ ಪೀಪಲ್' (2016) ಈ ಧಾರೆಯ ಅತ್ಯಂತ ಕಠಿಣ ಓದು. 1825-26ರ ಐರ್ಲೆಂಡಿನ ಕೆರಿ ಸೀಮೆ. ನಡೆಯದ, ಮಾತಾಡದ ಮಗುವನ್ನು ಯಕ್ಷಿಗಳು ಬದಲಿಸಿಟ್ಟ ಮಗುವೆಂದು ಅಜ್ಜಿ ನೋರಾ ನಂಬುತ್ತಾಳೆ. ವೈದ್ಯೆ ನ್ಯಾನ್ಸ್ ರೋಚ್ ಅದನ್ನು ಫಾಕ್ಸ್‌ಗ್ಲವ್ ಗಿಡದ ನೀರಿನಲ್ಲಿ ಮೀಯಿಸುತ್ತಾಳೆ, ಕೊನೆಗೆ ನದಿಯಲ್ಲಿ ಮುಳುಗಿಸುವ ಚಿಕಿತ್ಸೆಯಲ್ಲಿ ಮಗು ಸಾಯುತ್ತದೆ. 1826ರಲ್ಲಿ ಇಂಥ ಪ್ರಕರಣ ನಿಜವಾಗಿ ನ್ಯಾಯಾಲಯಕ್ಕೆ ಬಂದು, ಆರೋಪಿ ಖುಲಾಸೆಯಾಗಿದ್ದಳು. ನ್ಯಾನ್ಸ್ ಕರುಣೆಯುಳ್ಳವಳು, ಬಡವಳು, ಪಾದ್ರಿಯ ಕಿರುಕುಳಕ್ಕೆ ಸಿಕ್ಕವಳು. ಅವಳ ಚಿಕಿತ್ಸೆಯಿಂದ ಮಗು ಸತ್ತಿತು. ಈ ಎರಡನ್ನೂ ಒಟ್ಟಿಗೆ ಹಿಡಿಯಲು ಕೆಂಟ್ ಹಿಂಜರಿಯಲಿಲ್ಲ. ಅದೇ ಫಾಕ್ಸ್‌ಗ್ಲವ್‌ನಿಂದ ಹೃದ್ರೋಗದ ಮದ್ದು ಡಿಜಿಟಾಲಿಸ್ ಬಂತು. ಇಂಗ್ಲಿಷ್ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಅದರ ಬಗ್ಗೆ ಬರೆದಾಗ, ಶ್ರಾಪ್‌ಶೈರ್‌ನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮನೆಮದ್ದಿನಿಂದ ತನಗೆ ಸುಳಿವು ಸಿಕ್ಕಿತೆಂದು ಒಪ್ಪಿಕೊಂಡಿದ್ದ. ಹೆಸರು ಬರೆಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಔಷಧ ಕಂಪನಿಯೊಂದರ ಜಾಹೀರಾತು ಅವಳಿಗೆ ಮದರ್ ಹಟನ್ ಎಂಬ ಕಲ್ಪಿತ ಹೆಸರು ಕೊಟ್ಟಿತು. ಅದು ಹಲವರ ಬರಹದಲ್ಲಿ ಇತಿಹಾಸವಾಗಿಬಿಟ್ಟಿದೆ.

ಸ್ವಿಟ್ಜರ್ಲೆಂಡಿನ ಎವೆಲಿನ್ ಹಾಸ್ಲರ್‌ರ 'ಆನಾ ಗೋಲ್ಡಿನ್, ಲೆಟ್ಸ್‌ಟೆ ಹೆಕ್ಸೆ' (1982) ಜರ್ಮನ್ ಭಾಷೆಯ ಮುಖ್ಯ ಕೃತಿ. ಗ್ಲಾರುಸ್ ಪಟ್ಟಣದ ವೈದ್ಯನೊಬ್ಬನ ಮನೆಯ ಆಳು ಆನಾ ಗೋಲ್ಡಿ ಮಗುವಿನ ಹಾಲಿಗೆ ಸೂಜಿ ಹಾಕಿದಳೆಂಬ ಆರೋಪ ಹೊತ್ತಳು. ಅಧಿಕಾರಿಗಳು ಅವಳಿಂದಲೇ ಮಗುವಿಗೆ ಉಪಚಾರ ಮಾಡಿಸಿದರು. ಮಗು ಚೇತರಿಸಿಕೊಂಡಿತು, ಅದೇ ಅವಳ ವಿರುದ್ಧ ಸಾಕ್ಷ್ಯವಾಯಿತು. 1782ರ ಜೂನ್ 13ರಂದು ತಲೆ ಕಡಿದರು. ತೀರ್ಪಿನಲ್ಲಿ ಮಾಟವೆಂದು ಬರೆಯದೆ ವಿಷಪ್ರಾಶನವೆಂದು ಬರೆದರು. 2008ರಲ್ಲಿ ಗ್ಲಾರುಸ್ ಪ್ರಾಂತ ಅವಳನ್ನು ನಿರ್ದೋಷಿಯೆಂದು ಸಾರಿತು.

ಜೆಕ್ ಲೇಖಕಿ ಕಟೆರ್ಜಿನಾ ತುಚ್ಕೊವಾ ಅವರ 'ಜೀಟ್‌ಕೊವ್‌ಸ್ಕೆ ಬೊಹಿನ್ಯೆ' (2012) ಈ ಭಯವನ್ನು 20ನೆಯ ಶತಮಾನಕ್ಕೆ ತರುತ್ತದೆ. ಗುಡ್ಡಗಾಡಿನ ವೈದ್ಯೆಯರು, ಕರಗಿದ ಮೇಣವನ್ನು ನೀರಿಗೆ ಹೊಯ್ದು ಕಾಯಿಲೆಯ ಕಾರಣ ಹೇಳುವವರು, ಮೊದಲು ನಾಜಿಗಳ, ಆಮೇಲೆ ಕಮ್ಯುನಿಸ್ಟ್ ಗುಪ್ತ ಪೊಲೀಸರ ಕಡತಗಳಿಗೆ ಸಿಗುತ್ತಾರೆ. ನಾಜಿ ಮುಖಂಡ ಹಿಮ್ಲರ್‌ನ ತಂಡ ಹಳೆಯ ಮಾಟಗಾತಿ ವಿಚಾರಣೆಗಳ ಬಗ್ಗೆ 30,000ಕ್ಕೂ ಹೆಚ್ಚು ಚೀಟಿಗಳನ್ನು ಸಂಗ್ರಹಿಸಿದ್ದು ನಿಜ ಸಂಗತಿ.

ನಾರ್ವೆಯ ವಾರ್ಡೊ ದ್ವೀಪದ ಬಗ್ಗೆ ಕಿರಣ್ ಮಿಲ್‌ವುಡ್ ಹಾರ್ಗ್ರೇವ್‌ರ 'ದಿ ಮರ್ಸೀಸ್' (2020) ಇದೆ. ಭಾರತದಲ್ಲಿ ಚಿತ್ರ ತಿರುವುಮುರುವು: ಛೋಟಾನಾಗಪುರದ ಕಡೆ ಓಝಾ ಎಂಬ ಗಂಡು ವೈದ್ಯನೇ ಮಾಟಗಾತಿ ಯಾರೆಂದು ಹೆಸರಿಸುವವನು. ಮಹಾಶ್ವೇತಾ ದೇವಿಯವರ ಬಂಗಾಳಿ ಕಥೆ 'ಬಾಯೆನ್'ನಲ್ಲಿ ಊರಿನಿಂದ ಹೊರಬಿದ್ದವಳು ವೈದ್ಯೆಯಲ್ಲ, ಮಕ್ಕಳ ಹೆಣ ಹೂಳುವ ಕುಲಕಸುಬಿನ ತಾಯಿ.

ಟೀಕೆ

ಈ ಧಾರೆಯ ಸಾಮಾನ್ಯ ದೋಷ ನಾಯಕಿಯನ್ನು ಇಂದಿನ ಡಾಕ್ಟರಂತೆ ಕಾಣಿಸುವುದು. ಕೈ ತೊಳೆಯುತ್ತಾಳೆ, ಮಂತ್ರವನ್ನು ನಂಬುವುದಿಲ್ಲ, ಸುತ್ತಲಿನವರೆಲ್ಲ ಮೂಢರು, ಅವಳೊಬ್ಬಳು ವಿವೇಕಿ. ಇಂಥವಳ ಸಾವಿಗೆ ಓದುಗ ಮರುಗುವುದು ಸುಲಭ. ಮರುಗಿ, ತಾನು ಆ ಗುಂಪಿನವನಲ್ಲವೆಂದು ಸಮಾಧಾನ ಪಡುವುದೂ ಸುಲಭ. ದಾಖಲೆಯ ಹೆಂಗಸರು ಹಾಗಿರಲಿಲ್ಲ. ಅವರು ಪ್ರಾರ್ಥನೆಯನ್ನೂ ಬೇರನ್ನೂ ಬೇರೆ ಮಾಡಿದವರಲ್ಲ, ಕೂಲಿ ಕೇಳಿದವರು, ಕೊಡದಿದ್ದರೆ ಬೈದವರು. ಅವರಿಗೆ ಆದ ಅನ್ಯಾಯ ಅನ್ಯಾಯವೆನಿಸಲು ಅವರು ನಿಷ್ಕಳಂಕರಾಗಿರಬೇಕಿಲ್ಲ. ಜೆನೆಟ್‌ಳಂಥ ಮಕ್ಕಳು, ಗೌರವಸ್ಥ ಹೆಂಗಸರು, ಒಮ್ಮೊಮ್ಮೆ ಇನ್ನೊಬ್ಬ ವೈದ್ಯೆಯೇ ಆರೋಪಿಸಿದವರ ಸಾಲಿನಲ್ಲಿದ್ದರೆಂಬುದನ್ನು ಗಂಡಸರ ಸಂಚೆಂಬ ಒಂದೇ ಸೂತ್ರ ಮುಚ್ಚಿಹಾಕುತ್ತದೆ.

ಈ ಧಾರೆಯನ್ನು ಮೊದಲ ಬಾರಿ ಓದುವವರು ಕೊಂಡೆ, ಗಾಲ್ಚೆನ್, ಕೆಂಟ್ ಮೂವರಿಂದ ಶುರುಮಾಡಬೇಕು, ಶಾರಟ್‌ರನ್ನು ಆಮೇಲೆ ಓದಬೇಕು. ಕೊಂಡೆ ಕೃತಿಗೆ ರಿಚರ್ಡ್ ಫಿಲ್ಕಾಕ್ಸ್ 1992ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವಿದೆ. ಜೊತೆಗೆ ಪಾಟ್ಸನ ವರದಿಯನ್ನೂ ಸೇಲಂ ನ್ಯಾಯಾಲಯದ ಹೇಳಿಕೆಗಳನ್ನೂ ತಪ್ಪದೆ ನೋಡಬೇಕು. ಎರಡೂ ಅಂತರಜಾಲದಲ್ಲಿ ಖರ್ಚಿಲ್ಲದೆ ಓದಲು ಸಿಗುತ್ತವೆ.